ಮಳೆ ಪುಸ್ತಕವನ್ನು ರದ್ದಿಗೆ ಹಾಕಬೇಡಿ

ಮಾನ್ಯರೇ,

ತಂದೆಯವರು ಬರೆದಿಟ್ಟ ತೋಟದ ಮಳೆ ಲೆಕ್ಕವನ್ನು ನೀವೂ ಮುಂದುವರಿಸಿಕೊಂಡು ಬಂದಿದ್ದೀರಿ. ಮುನ್ಸೂಚನೆ ಮೊಬೈಲಿಗೇ ಬರುವ ಈ ಕಾಲದಲ್ಲಿ ಆ ಪುಸ್ತಕಗಳಿಂದ ಪ್ರಯೋಜನವಿದೆಯೇ ಎಂದು ಸಕಲೇಶಪುರದಿಂದ ಕೇಳಿದ್ದೀರಿ. ಖಂಡಿತ ಇದೆ, ಬರೆಯುವುದನ್ನು ನಿಲ್ಲಿಸಬೇಡಿ.

ನೀವು ಕಳುಹಿಸಿದ 2018ರ ಆಗಸ್ಟ್ ಪುಟದಲ್ಲಿ ಒದ್ದೆಗೈ ತಾಗಿ ಶಾಯಿ ಹರಡಿದೆ. ಅಂಚಿನಲ್ಲಿ 'ರಾತ್ರಿ ಒಮ್ಮೆ ಅಳೆದು ಚೆಲ್ಲಿದೆ' ಎಂದಿದೆ. ನನಗೆ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಅಂಕಿಗಳಿಗಿಂತ ಆ ಸಾಲೇ ಅಮೂಲ್ಯವೆನಿಸಿತು; ಮಳೆ ಎಷ್ಟು ಬಿರುಸಾಗಿತ್ತೆಂದು ಹೇಳುವುದು ಅದೇ. ಎಂಟು ಇಂಚು ಮಳೆ ವಾರವಿಡೀ ಜಿನುಗಿದರೆ ಗುಡ್ಡ ತಾಳಿಕೊಳ್ಳಬಹುದು. ಮೊದಲೇ ನೀರು ಕುಡಿದು ಭಾರವಾದ ಮಣ್ಣಿನ ಮೇಲೆ ಅಷ್ಟೂ ಒಂದೇ ರಾತ್ರಿ ಸುರಿದರೆ ಇಳಿಜಾರು ಸಡಿಲಗೊಂಡು ಜಾರುತ್ತದೆ. ಆ ತಿಂಗಳು ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಿ, ಮರುವರ್ಷದ ಆಶ್ಲೇಷ ಮಳೆಯಲ್ಲಿ ಚಾರ್ಮಾಡಿ ಘಾಟಿಯಲ್ಲಿ ಮತ್ತು ಮೂಡಿಗೆರೆಯ ಗುಡ್ಡಗಳಲ್ಲಿ ಮಣ್ಣು ಕುಸಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಹವಾಮಾನ ಇಲಾಖೆ ದಿನಕ್ಕೆ 64.5 ಮಿಲಿಮೀಟರ್, ಅಂದರೆ ಸುಮಾರು ಎರಡೂವರೆ ಇಂಚು ದಾಟಿದ ಮಳೆಯನ್ನು 'ಭಾರಿ' ಎಂದೂ, 204.4 ಮಿಲಿಮೀಟರ್ ಮೀರಿದ್ದನ್ನು 'ಅತ್ಯಂತ ಭಾರಿ' ಎಂದೂ ಗುರುತಿಸುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳಿದ್ದರೂ ಮಲೆನಾಡಿನಲ್ಲಿ ಗುಡ್ಡದ ಈ ಮಗ್ಗುಲಿನ ಮಳೆ ಆ ಮಗ್ಗುಲಿಗಿರುವುದಿಲ್ಲ. ಆದ್ದರಿಂದ ಬೆಳಿಗ್ಗೆ 8:30ಕ್ಕೆ ತಪ್ಪದೆ ಅಳೆಯಿರಿ. ಬಿರುಮಳೆ ಹಿಡಿದ ಮತ್ತು ಬಿಟ್ಟ ಹೊತ್ತು, ಗಾಳಿ ಬೀಸಿದ ದಿಕ್ಕು, ಆಲಿಕಲ್ಲು ಬಟಾಣಿಯಷ್ಟಿತ್ತೋ ನೆಲ್ಲಿಕಾಯಿಯಷ್ಟಿತ್ತೋ ಎಂಬುದನ್ನೂ ಸೇರಿಸಿ. ಝರಿಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಮೇಲೆ ಮಣ್ಣು ಜಾರುತ್ತಿರಬಹುದು; ಬರೆಯುತ್ತಾ ಕೂರದೆ, ಕೆಳಗಿನ ಮನೆಯವರನ್ನು ಮೊದಲು ಎಬ್ಬಿಸಿ.

ಅಶ್ವಿನಿ, ಭರಣಿಯ ಗುಡುಗು ಮಳೆಯ ವಿಚಾರ ಬೇರೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರವೆಂಬ ಲೆಕ್ಕ ಸರಿಯೇ, ಆದರೆ ಅದನ್ನು ಅಂಗಳದಲ್ಲಿ ನಿಂತು ಎಣಿಸಬಾರದು. ಮೊದಲ ಗುಡುಗು ಕೇಳಿದಾಗಲೇ ಆಳುಗಳನ್ನು ತೋಟದಿಂದ ಕರೆಸಿ, ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿಸಿಕೊಳ್ಳಿ. ತೋಟದ ಸಿಲ್ವರ್ ಓಕ್ ಮರದ ಬುಡ ಆಶ್ರಯವಲ್ಲ; ಅಲ್ಯೂಮಿನಿಯಂ ಏಣಿಯನ್ನು ಆ ಹೊತ್ತಿನಲ್ಲಿ ಹೊರುವುದೂ ಬೇಡ.

ಒಂದು ತಿದ್ದುಪಡಿ: ನಿಮ್ಮ ಮಾಪಕ ಹಲಸಿನ ಮರದ ಪಕ್ಕದಲ್ಲಿದೆ ಎಂದಿದ್ದೀರಿ. ಕೊಂಬೆ ಮಳೆಯನ್ನು ತಡೆಯುತ್ತದೆ, ಮಳೆ ನಿಂತ ಮೇಲೂ ಹನಿಸುತ್ತದೆ. ಅದನ್ನು ಕಾಫಿ ಕಣದ ಬಯಲಿಗೆ ಸರಿಸಿ, ಸರಿಸಿದ ತಾರೀಖನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಹಳೆಯ ಅಂಕಿಗಳನ್ನು ಮಾತ್ರ ತಿದ್ದಬೇಡಿ.

– ಸಂಪಾದಕ