ಆಗುಂಬೆ ಘಾಟಿಯಲ್ಲಿ ಎದೆ ಹೊಡೆದುಕೊಳ್ಳುವುದು: ಪ್ರತಿಕ್ರಿಯೆ

ಹೃದಯದ ಪರೀಕ್ಷೆಗಳಾದ ಇಸಿಜಿ, ಎಕೋ ಎರಡೂ ಸರಿಯಿದ್ದು, ಘಾಟಿಯ ಬಸ್ಸಿನಲ್ಲಿ ಮಾತ್ರ ಎದೆ ಹೊಡೆದುಕೊಂಡು ‘ಸತ್ತೇಹೋಗುತ್ತೇನೆ’ ಎನ್ನಿಸುತ್ತದೆ ಎಂದು ಬರೆದಿದ್ದೀರಿ. ಬಹುಶಃ ಇದು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಮುತ್ತುವ ತೀವ್ರ ಭಯ. ಖಚಿತವಾಗಿ ವೈದ್ಯರೇ ಹೇಳಬೇಕು. ನಾನು ಅನುಭವಿಸಿದವನು, ಅಷ್ಟೇ.

ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅದು ಹೆಚ್ಚಾದರೂ ಎದೆ ಹೀಗೆಯೇ ಬಡಿಯುತ್ತದೆ. ಆಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಬಸ್ಸಿನಲ್ಲಿ ಶುರುವಾದರೆ ಇಳಿದು ಓಡಬೇಡಿ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ್ದು ಈ ಸುಳಿಯನ್ನೇ: ಬಡಿತವನ್ನು ಹೃದಯಾಘಾತವೆಂದು ತಿಳಿದರೆ ಭಯ, ಭಯದಿಂದ ಇನ್ನಷ್ಟು ಬಡಿತ. ನಾನು ಮುಂದಿನ ಸೀಟಿನ ಕಂಬಿ ಹಿಡಿದು, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ ತಿರುವುಗಳನ್ನು ಎಣಿಸುತ್ತಿದ್ದೆ. ಏಳೆಂಟು ತಿರುವು ಕಳೆಯುವಷ್ಟರಲ್ಲಿ ಅಂಗೈ ಬೆವರು ಆರುತ್ತಿತ್ತು.

ಬಸ್ಸನ್ನೇ ಬಿಟ್ಟುಬಿಟ್ಟರೆ ಭಯ ಬೇರೂರುತ್ತದೆ. ಮೊದಲು ತೀರ್ಥಹಳ್ಳಿಯವರೆಗೆ, ರೂಢಿಯಾದ ಮೇಲೆ ಆಗುಂಬೆಯವರೆಗೆ, ಕೊನೆಗೆ ಘಾಟಿ ಇಳಿಯಿರಿ. ಹೊರಡುವ ಮುನ್ನ ಕಾಫಿ ಬೇಡ (ನಮ್ಮ ಕಡೆಯವರಿಗೆ ಇದೇ ಕಷ್ಟ). ವೈದ್ಯರು ದಿನನಿತ್ಯದ ಮಾತ್ರೆ ಬರೆದರೆ ಗುಣ ಕಾಣಲು ಕೆಲವು ವಾರ ಬೇಕು; ನೀವಾಗಿಯೇ ನಿಲ್ಲಿಸಬೇಡಿ.