ಓದುಗರ ಪ್ರಶ್ನೆ: ಅಲಾರಂ ನೂರು, ಹಿಡಿಯಬೇಕಾದ್ದು ಒಂದು

ಪ್ರಶ್ನೆ: ಮಡಿಕೇರಿ–ಭಾಗಮಂಡಲ ಫೈಬರ್ ದಾರಿಯಲ್ಲಿ ಮಡಿಕೇರಿಯ ಎಸ್‌ಟಿಎಂ-16 ಉಪಕರಣ (ಫೈಬರಿನಲ್ಲಿ ದತ್ತಾಂಶ ಸಾಗಿಸುವ ಯಂತ್ರ) ಎಲ್‌ಒಎಸ್, ಅಂದರೆ ‘ಬೆಳಕು ಬರುತ್ತಿಲ್ಲ’ ಎಂಬ ಅಲಾರಂ, ತೋರಿಸುತ್ತಿದೆ. ಭಾಗಮಂಡಲದಲ್ಲಿ ಎಂಎಸ್-ಆರ್‌ಡಿಐ. ಜೊತೆಗೆ ಪರದೆ ತುಂಬ ಎಐಎಸ್. ಎಲ್ಲಿಂದ ಹುಡುಕಲಿ?
– ಓದುಗ, ಮಡಿಕೇರಿ

ಉತ್ತರ: ಎಲ್‌ಒಎಸ್ ಒಂದನ್ನೇ ಹಿಡಿಯಿರಿ. ‘ಮೇಲೆ ಕೆಟ್ಟಿದೆ’ ಎಂದು ಕೆಳಗಿನ ಚಾನೆಲ್‌ಗಳಿಗೆ ಹೋಗುವ ಸೂಚನೆ ಎಐಎಸ್. ‘ನಿಮ್ಮಿಂದ ನನಗೆ ಬರುತ್ತಿಲ್ಲ’ ಎಂದು ಎದುರು ತುದಿಗೆ ಹೋಗುವ ದೂರು ಆರ್‌ಡಿಐ. ಮೂಲ ಸರಿಹೋದರೆ ಎರಡೂ ತಾವಾಗಿ ಅಳಿಯುತ್ತವೆ.

ಆ ದೂರು ಭಾಗಮಂಡಲ ಮುಟ್ಟಿದೆಯಲ್ಲ, ಅಂದರೆ ಮಡಿಕೇರಿಯಿಂದ ಹೋಗುವ ಫೈಬರ್ ಚೆನ್ನಾಗಿದೆ. ಕೇಬಲ್ಲೇ ತುಂಡಾಗಿದ್ದರೆ ಎರಡೂ ಕಡೆ ಎಲ್‌ಒಎಸ್ ಇರುತ್ತಿತ್ತು. ಆದ್ದರಿಂದ ಜೀಪು ಹತ್ತುವ ಮೊದಲು ಭಾಗಮಂಡಲದ ಲೇಸರ್, ಪ್ಯಾಚ್ ಕಾರ್ಡ್ (ಉಪಕರಣಕ್ಕೆ ಹಾಕುವ ಗಿಡ್ಡ ಫೈಬರ್ ತಂತಿ), ಎರಡೂ ತುದಿಯ ಒಡಿಎಫ್ (ಹೊರಗಿನ ಕೇಬಲ್ ಬಂದು ಸೇರುವ ಚೌಕಟ್ಟು) ಕನೆಕ್ಟರ್ ನೋಡಿ. ಒಂದು ಎಚ್ಚರಿಕೆ: ಎಎಲ್‌ಎಸ್ (ಲೇಸರ್ ತಾನಾಗಿ ಆರುವ ವ್ಯವಸ್ಥೆ) ಚಾಲೂ ಇರುವ ಕಡೆ ಬೆಳಕು ಬಾರದ ತುದಿ ತನ್ನ ಲೇಸರನ್ನೂ ಆರಿಸಿಬಿಡುತ್ತದೆ; ಆಗ ಒಂದೇ ಫೈಬರ್ ಕೆಟ್ಟರೂ ಎರಡೂ ಕಡೆ ಎಲ್‌ಒಎಸ್. ನಿಮ್ಮಲ್ಲಿ ಅದು ಆಫ್ ಆಗಿರಬೇಕು, ಇಲ್ಲದಿದ್ದರೆ ಆರ್‌ಡಿಐ ಕಾಣುತ್ತಲೇ ಇರಲಿಲ್ಲ.

ಮೊದಲು ಭಾಗಮಂಡಲದ ಲೇಸರಿನ ಔಟ್‌ಪುಟ್ ಮತ್ತು ಬಯಾಸ್ ಕರೆಂಟ್ (ಲೇಸರನ್ನು ಉರಿಸುವ ವಿದ್ಯುತ್) ಓದಿ. ಕರೆಂಟ್ ಏರಿ ಔಟ್‌ಪುಟ್ ಇಳಿದಿದ್ದರೆ ಲೇಸರಿಗೆ ವಯಸ್ಸಾಗಿದೆ, ಮಾಡ್ಯೂಲ್ ಬದಲಿಸಿ. ಸರಿಯಿದ್ದರೆ ಪವರ್ ಮೀಟರನ್ನು 1550 ನ್ಯಾನೋಮೀಟರ್ ತರಂಗಾಂತರಕ್ಕೆ ಇಟ್ಟು ಅಲ್ಲಿನ ಒಡಿಎಫ್‌ನಲ್ಲಿ ಅಳೆಯಿರಿ, ಆಮೇಲೆ ಮಡಿಕೇರಿಯಲ್ಲಿ.

ಎಷ್ಟು ಬರಬೇಕು? ಸುಮಾರು 40 ಕಿ.ಮೀ.ಗೆ, ಕಿ.ಮೀ.ಗೆ 0.22ರಂತೆ 8.8 ಡಿಬಿ (ಬೆಳಕಿನ ನಷ್ಟದ ಅಳತೆ), ಕೇಬಲ್ 2 ಕಿ.ಮೀ. ಡ್ರಮ್‌ಗಳಲ್ಲಿ ಬಂದದ್ದಾದರೆ ಇಪ್ಪತ್ತರಷ್ಟು ಜಾಯಿಂಟಿಗೆ 2 ಡಿಬಿ, ಕನೆಕ್ಟರುಗಳಿಗೆ 1. ಒಟ್ಟು ಸುಮಾರು 12 ಡಿಬಿ. ಲೇಸರ್ 0 ಡಿಬಿಎಂ (ಡಿಬಿಎಂ ಬೆಳಕಿನ ಬಲದ ಅಳತೆ) ಕೊಟ್ಟರೆ ಮೈನಸ್ 12 ಸಿಗಬೇಕು. ದೂರದ ದಾರಿಗೆ ಬಳಸುವ ಎಲ್-16.2 ಮಾಡ್ಯೂಲ್ ಮೈನಸ್ 28ರವರೆಗೆ ತಡೆದುಕೊಳ್ಳುವುದರಿಂದ ಮೈನಸ್ 24ಕ್ಕೆ ಇಳಿದರೂ ಅಲಾರಂ ಇಲ್ಲ. 12 ಡಿಬಿ ಸದ್ದಿಲ್ಲದೆ ಹೋಗಿರುತ್ತದೆ. ಮೇ ತಿಂಗಳಲ್ಲೇ ಈ ಅಂಕಿ ಬರೆದಿಟ್ಟುಕೊಂಡವರಿಗೆ ಜುಲೈ ಹಗುರ.

ದಾರಿಯಲ್ಲೇ ದೋಷ ಎಂದಾದರೆ ಒಟಿಡಿಆರ್ (ಬೆಳಕು ಕಳಿಸಿ ಫೈಬರಿನಲ್ಲಿ ದೋಷ ಎಷ್ಟು ದೂರ ಎಂದು ತೋರಿಸುವ ಉಪಕರಣ). ಎರಡೂ ತುದಿಯ ಉಪಕರಣದಿಂದ ಫೈಬರ್ ಬಿಡಿಸದೆ ಹಾಕಬೇಡಿ, ರಿಸೀವರ್ ಸುಟ್ಟೀತು. 1310 ಮತ್ತು 1550 ಎರಡರಲ್ಲೂ ನೋಡಿ: 1550ರಲ್ಲಿ ಮಾತ್ರ ನಷ್ಟ ಬಹಳ ಹೆಚ್ಚಿದ್ದರೆ ಎಲ್ಲೋ ಫೈಬರ್ ಬಗ್ಗಿದೆ, ಉದಾಹರಣೆಗೆ ಕೇಬಲ್ ಮೇಲೆ ಸಿಲ್ವರ್ ಓಕ್ ಒರಗಿದೆ, ಎರಡರಲ್ಲೂ ಸರಿಸುಮಾರು ಒಂದೇ ಆದರೆ ಸ್ಪ್ಲೈಸ್ (ಫೈಬರ್ ಬೆಸೆದ ಜಾಗ) ಕೆಟ್ಟಿದೆ. ಒಟಿಡಿಆರ್ ಹೇಳುವುದು ಫೈಬರಿನ ಉದ್ದ, ರಸ್ತೆಯದಲ್ಲ. ಪ್ರತಿ ಜಾಯಿಂಟಿನಲ್ಲಿ ಸುತ್ತಿಟ್ಟ ಕೇಬಲನ್ನು ಕಳೆಯಿರಿ. ತೋಟದವರು ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡಿಸುವಾಗ ಲೈನಿನ ಮೇಲೆ ಚಾಚಿದ ಕೊಂಬೆಯನ್ನೂ ತೆಗೆಸಿದರೆ ಅರ್ಧ ಕೆಲಸ ತಪ್ಪುತ್ತದೆ.

ಪ್ರಶ್ನೆ: ಲೂಪ್‌ಬ್ಯಾಕ್ ಹಾಕಿ (ಉಪಕರಣ ಕಳಿಸುವ ಬೆಳಕನ್ನು ಅದಕ್ಕೇ ಮರಳಿಸಿ) ಉಪಕರಣದ ಕಾರ್ಡ್ ಪರೀಕ್ಷಿಸಬಹುದೇ?
– ಓದುಗ, ಕುಶಾಲನಗರ

ಉತ್ತರ: ಪರೀಕ್ಷಿಸಬಹುದು, ನೇರ ಪ್ಯಾಚ್ ಕಾರ್ಡ್‌ನಿಂದ ಬೇಡ. ಎಲ್-16.2 ರಿಸೀವರಿಗೆ ಮೈನಸ್ 9 ಡಿಬಿಎಂಗಿಂತ ಹೆಚ್ಚು ಬೆಳಕು ಮಿತಿ ಮೀರಿದ್ದು. ನಡುವೆ 15 ಡಿಬಿ ಅಟೆನ್ಯುಯೇಟರ್ (ಬೆಳಕು ತಗ್ಗಿಸುವ ಬಿಡಿಭಾಗ) ಇರಲಿ.

ಪ್ರಶ್ನೆ: ಕಕ್ಕಬೆಯ ನಮ್ಮ ಹೋಂಸ್ಟೇಯಲ್ಲಿ ಮಳೆ ಹೊಡೆದಾಗ ಮೋಡೆಮ್‌ನಲ್ಲಿ ಕೆಂಪು ಎಲ್‌ಒಎಸ್ ದೀಪ. ಬಿಸಿಲು ಬಂದರೆ ತಾನೇ ಸರಿಯಾಗುತ್ತದೆ. ಮೋಡೆಮ್ ಬದಲಿಸಲೇ?
– ಓದುಗಿ, ಕಕ್ಕಬೆ

ಉತ್ತರ: ಬೇಡ, ದೋಷ ಬಹುಶಃ ಹೊರಗಿದೆ. ಮೋಡೆಮ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಒಳಬರುವ ಬೆಳಕಿನ ಬಲ, ಡಿಬಿಎಂನಲ್ಲಿ) ನೋಡಿ. ಬಿಸಿಲಲ್ಲೇ ಮೈನಸ್ 26ರ ಹತ್ತಿರ ಇದ್ದರೆ ಅಂಚಿನಲ್ಲಿ ನಿಂತಿದ್ದೀರಿ: ಮಿತಿ ಮೈನಸ್ 27. ಕಂಬದ ಜಾಯಿಂಟ್ ಬಾಕ್ಸಿಗೆ ನೀರಿಳಿಯುತ್ತಿದೆಯೇ, ಗಾಳಿಗೆ ತೂಗುವ ಡ್ರಾಪ್ ಕೇಬಲ್ (ಕಂಬದಿಂದ ಮನೆಗೆ ಬರುವ ತಂತಿ) ಕ್ಲಾಂಪಿನಲ್ಲಿ ಮಡಚಿದೆಯೇ ಎಂದು ಲೈನ್‌ಮನ್ ನೋಡಲಿ. ಮನೆಯೊಳಗೆ ಕೇಬಲ್ಲಿನ ಸುತ್ತು 3 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿರಬಾರದು. ಹಸಿರು ಕನೆಕ್ಟರಿಗೆ ಹಸಿರೇ ಕೂಡಬೇಕು, ನೀಲಿ ಅಲ್ಲ. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಒಳಗೆ ಇಣುಕಬೇಡಿ. ಆ ಬೆಳಕು ಕಣ್ಣಿಗೆ ಕಾಣದು.