ಮುಖ ತೋರಿಸದ ಸಂಗೀತಗಾರ

ಪ್ರಶ್ನೆ: ಟೆಕ್ನೋ (ಎಲೆಕ್ಟ್ರಾನಿಕ್ ನೃತ್ಯ ಸಂಗೀತ) ಸಂಗೀತಗಾರರು ಕೆಲವರು ಮುಖವನ್ನೇ ತೋರಿಸಲ್ಲ, ಯಾಕೆ?

ಉತ್ತರ: ನನಗೆ ತಕ್ಷಣ ನೆನಪಾಗುವುದು ಅಮೆರಿಕದ ಡೆಟ್ರಾಯ್ಟ್‌ನ ಜೇಮ್ಸ್ ಸ್ಟಿನ್ಸನ್. ಜೆರಾಲ್ಡ್ ಡೊನಾಲ್ಡ್ ಜೊತೆ ಸೇರಿ 'ಡ್ರೆಕ್ಸಿಯಾ' ಹೆಸರಲ್ಲಿ 1992ರಿಂದ ರೆಕಾರ್ಡ್ ತಂದರು. ಸ್ಟಿನ್ಸನ್ ಹೊಟ್ಟೆಪಾಡಿಗೆ ಲಾರಿ ಓಡಿಸುತ್ತಿದ್ದರು. ಅವರಿಗೆ ಮುಖಕ್ಕಿಂತ ಕತೆ ದೊಡ್ಡದು. ಎಂಥ ಕತೆ ಗೊತ್ತಾ? ಗುಲಾಮರ ಹಡಗಿನಿಂದ ಸಮುದ್ರಕ್ಕೆ ಎಸೆದ ಆಫ್ರಿಕಾದ ಬಸುರಿಯರ ಮಕ್ಕಳು ಸಾಯಲಿಲ್ಲ. ನೀರಲ್ಲೇ ಉಸಿರಾಡುತ್ತ ನಾಡು ಕಟ್ಟಿದರು! 1997ರ ಆಲ್ಬಮ್‌ನ ಜೊತೆ ಇದನ್ನು ಅಚ್ಚು ಹಾಕಿದ್ದರು. ಸಂಗೀತದಲ್ಲಿ ಮಾತು ಕಡಿಮೆ, ಡ್ರಮ್ ಮಷೀನ್, ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ) ಜಾಸ್ತಿ. ರಾತ್ರಿ ಹೆಡ್‌ಫೋನ್ ಹಾಕಿ ಕೇಳಿ, ನನಗಂತೂ ಎದೆ ಭಾರವಾಗುತ್ತದೆ. 2002ರಲ್ಲಿ ತೀರಿಕೊಂಡಾಗ ಸ್ಟಿನ್ಸನ್‌ಗೆ ಬರೀ 32 ವರ್ಷ.